ಕುಸುಬಿ ಹೂ ಬಿಟ್ಟ ಸಾಲು

ನಾನು ಸಣ್ಣವಳಿದ್ದ ಕಾಲಕ್ಕೆ ನಮ್ಮೂರಿನಲ್ಲಿ ನೆಲ ಮುಗಿಯುತ್ತಲೇ ಇರಲಿಲ್ಲ. ಗದಗಿನಿಂದ ಆಚೆ, ಎರೆ ಹೊಲಗಳ ನಟ್ಟನಡುವೆ ಇದ್ದ ಊರು ಅದು. ಮಾಳಿಗೆ ಹತ್ತಿ ನಿಂತರೆ ನಾಲ್ಕೂ ದಿಕ್ಕಿಗೆ ಕಪ್ಪು ನೆಲ, ಅಲ್ಲೊಂದು ಬೇವಿನ ಮರ, ಇಲ್ಲೊಂದು ಬನ್ನಿ ಮರ, ಅದರಾಚೆ ಬರೀ ಆಕಾಶ. ಗುಡ್ಡವಿರಲಿಲ್ಲ, ಕಾಡಿರಲಿಲ್ಲ. ಊರಿಗೆ ಬರುವವರು ಮೊದಲು ಒಂದು ಚುಕ್ಕಿಯಾಗಿ ಕಾಣುತ್ತಿದ್ದರು. ಆ ಚುಕ್ಕಿಗೆ ತಲೆ, ಕೈ, ಕಾಲು ಮೂಡಿ, ಅದು ಇಂಥವರೇ ಎಂದು ಗುರುತು ಹತ್ತುವ ಹೊತ್ತಿಗೆ ನಾವು ಒಂದು ಆಟ ಗಜ್ಜುಗ ಆಡಿ ಮುಗಿಸಿರುತ್ತಿದ್ದೆವು.

ಮೊಮ್ಮಕ್ಕಳೇ, ಸಹನಾ, ಓಂಕಾರ, ನೀವಿಬ್ಬರೂ ಕೊಲ್ಲಿ ದೇಶದ ಗುದೈಬಿಯಾದ ಈ ನಾಲ್ಕನೆಯ ಮಹಡಿಯಲ್ಲಿ ಬೆಳೆದ ಮಕ್ಕಳು. ನಿಮ್ಮ ಕಿಟಕಿಯಲ್ಲಿ ಎದುರು ಮನೆಯ ಎ.ಸಿ. ಡಬ್ಬಿಗಳು, ಕೆಳಗೆ ಕೋಲ್ಡ್ ಸ್ಟೋರಿನ ಬೋರ್ಡು, ಖುಬ್ಬೂಸ್ ರೊಟ್ಟಿ ಸುಡುವ ಅಂಗಡಿ ಕಾಣುತ್ತವೆ. ಹೋದ ಶುಕ್ರವಾರ ನಿಮ್ಮ ಅಪ್ಪ ನಮ್ಮೆಲ್ಲರನ್ನೂ ಕಾರಿನಲ್ಲಿ ಕೂರಿಸಿಕೊಂಡು ದಕ್ಷಿಣದ ಮರಳುಗಾಡಿನ ಕಡೆ ಹೋದರಲ್ಲ, ಆಗ ನಾನು ಕಿಟಕಿಗೆ ಹಣೆ ಹಚ್ಚಿ ಕೂತಿದ್ದೆ. ಮುಗಿಯದ ನೆಲ ನೋಡಿ ಎಷ್ಟೋ ವರ್ಷವಾಗಿತ್ತು. ಅದರ ಬಣ್ಣ ಬೇರೆ, ವಾಸನೆ ಬೇರೆ. ಆದರೂ ಕಣ್ಣು ಅರ್ಧ ಮುಚ್ಚಿದರೆ ಅದು ನಮ್ಮೂರೇ ಆಗುತ್ತಿತ್ತು. ದೂರದಲ್ಲಿ ಒಂದು ಚುಕ್ಕಿ ಕಂಡಿತು. ಅದು ನನ್ನ ಅಪ್ಪನೇ ಇರಬೇಕು ಅಂದುಕೊಂಡೆ. ಆಮೇಲೆ ನೋಡಿದರೆ ಒಂಟೆ. ನಾನು ಯಾಕೆ ನಗುತ್ತಿದ್ದೇನೆ ಎಂದು ಸಹನಾ ಕೇಳಿದಳು. ಏನಿಲ್ಲ ಅಂದೆ. ನನಗೆ ಮೊದಲಿನಿಂದಲೂ ಬಾಯಿ ಬಿಟ್ಟು ಹೇಳುವುದು ಕಷ್ಟ. ಊರ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಅಮ್ಮ ಡ್ಯೂಟಿ ಮುಗಿಸಿ ಸಲ್ಮಾನಿಯಾ ಆಸ್ಪತ್ರೆಯಿಂದ ಬಂದ ಮೇಲೆ ನಿಮಗೆ ಓದಿ ಹೇಳಲಿ.

ನಮ್ಮ ಅಪ್ಪನ ಹೆಸರು ಫಕೀರಪ್ಪ. ಮೂವತ್ತು ವರ್ಷದವರೆಗೆ ಅವನು ಹೊಲದ ಮನುಷ್ಯ. ಆಮೇಲೆ ಇಪ್ಪತ್ತೇಳು ವರ್ಷ ಬಟ್ಟೆ ಮಿಲ್ಲಿನ ಮನುಷ್ಯ. ಕಡೆಗೆ ಮತ್ತೆ ಊರಿಗೇ ಬಂದು, ತೊಂಬತ್ತು ದಾಟಿಸಿ ಕಣ್ಣು ಮುಚ್ಚಿದ. ಅಷ್ಟು ಉದ್ದದ ಬಾಳಿನಲ್ಲಿ ನನ್ನ ಎದೆಯಲ್ಲಿ ಕೂತಿರುವುದು ಎಂಟು ದಿನ. ಆಗ ನನಗೆ ಹತ್ತು ವರ್ಷ.

ಅಪ್ಪ ಮಿಲ್ಲಿಗೆ ಹೋದದ್ದು ಅದಕ್ಕೂ ನಾಲ್ಕು ವರ್ಷ ಮೊದಲು. ಇದ್ದ ಹೊಲ ಇಬ್ಬರು ಅಣ್ಣತಮ್ಮಂದಿರದು. ಅದು ಒಂದು ಸಂಸಾರಕ್ಕೆ ಸಾಕು, ಎರಡಕ್ಕೆ ಸಾಲದು. ಒಬ್ಬರು ಹೊರಗೆ ದುಡಿಯಲು ಹೋಗಬೇಕು ಎಂದಾಯಿತು. ದೊಡ್ಡಪ್ಪನಿಗೆ ಇಬ್ಬರು ಗಂಡುಮಕ್ಕಳು. ಅಪ್ಪನಿಗೆ ನಾನೊಬ್ಬಳೇ. ಅವ್ವ ನನ್ನ ಐದನೆಯ ವರ್ಷದಲ್ಲೇ ತೀರಿಹೋಗಿದ್ದಳು. ಹಿರಿಯರೆಲ್ಲ ಪಡಸಾಲೆಯಲ್ಲಿ ಕೂತು ಮಾತಾಡಿದ್ದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿದ್ದೆ. ಫಕೀರನದೇನಿದೆ, ಒಂದು ಹೆಣ್ಣುಕೂಸು, ಅವನೇ ಹೋಗಲಿ ಎಂದರು. ನಾನು ಗಂಡಾಗಿದ್ದರೆ ಅಪ್ಪ ಹೋಗುತ್ತಿರಲಿಲ್ಲ ಎಂಬ ಮಾತು ಅವತ್ತಿನಿಂದ ಎರೆ ಮಣ್ಣಿನ ಹಾಗೆ ನನ್ನ ಕಾಲಿಗೆ ಮೆತ್ತಿಕೊಂಡಿತು. ಕೊಡವಿದರೂ ಹೋಗಲಿಲ್ಲ.

ನಾನು ಆಯಿಯ ಹತ್ತಿರ ಬೆಳೆದೆ. ಆಯಿ ಎಂದರೆ ಅಪ್ಪನ ತಾಯಿ. ಅಪ್ಪ ದಸರೆಗೊಮ್ಮೆ, ಯುಗಾದಿಗೊಮ್ಮೆ ಬರುತ್ತಿದ್ದ. ಬಂದಾಗ ಅವನ ಮೈಯಿಂದ ಯಂತ್ರದ ಎಣ್ಣೆಯ ವಾಸನೆ. ಹುಬ್ಬಿನಲ್ಲಿ, ಕಿವಿಯ ಕೂದಲಲ್ಲಿ ಹತ್ತಿಯ ಧೂಳು. ಮೂರು ಸಲ ಸೀಗೆಪುಡಿ ಹಚ್ಚಿ ತಿಕ್ಕಿದರೂ ಎಲ್ಲೋ ಒಂದು ಎಳೆ ಉಳಿದಿರುತ್ತಿತ್ತು. ಹತ್ತಿ ಬೆಳೆಯುವವನು ಹತ್ತಿಯಲ್ಲೇ ಮುಳುಗಿದ ಎಂದು ಆಯಿ ಅನ್ನುತ್ತಿದ್ದಳು. ಅವನು ನನಗೆ ಹರಕು ನೂಲಿನ ಉಂಡೆ ತರುತ್ತಿದ್ದ, ಕೆಂಪು, ನೀಲಿ, ಹಸಿರು. ಅದರಿಂದ ನನ್ನ ಹೆರಳಿನ ತುದಿಗೆ ಮಗ್ಗದವರ ಗಂಟು ಹಾಕುತ್ತಿದ್ದ. ಎರಡು ಬೆರಳಿನಲ್ಲಿ ಚಿಟಿಕೆ ಹೊಡೆದಷ್ಟೇ ಹೊತ್ತು, ಗಂಟು ಬಿದ್ದಿರುತ್ತಿತ್ತು. ಎಷ್ಟು ಸಣ್ಣದೆಂದರೆ ಕಣ್ಣಿಗೆ ಕಾಣುತ್ತಿರಲಿಲ್ಲ, ಬೆರಳಿಗೆ ಮಾತ್ರ ಸಿಗುತ್ತಿತ್ತು.

ಅವನು ಬಂದಾಗಲೆಲ್ಲ ಮನೆಯಲ್ಲಿ ಒಂದು ತಮಾಷೆ. ಮಿಲ್ಲಿನಲ್ಲಿ ಅವನಿದ್ದದ್ದು ಮಗ್ಗಗಳ ಸಾಲಿನಲ್ಲಿ. ನೂರಾರು ಮಗ್ಗ ಒಟ್ಟಿಗೆ ಬಡಿಯುವಾಗ ಅಲ್ಲಿ ಯಾರ ದನಿಯೂ ಯಾರಿಗೂ ಕೇಳದು. ಅಲ್ಲಿಯವರು ದನಿ ತೆಗೆಯುವುದನ್ನೇ ಬಿಟ್ಟು, ಬರೀ ತುಟಿ ಆಡಿಸಿ ಮಾತಾಡುತ್ತಿದ್ದರಂತೆ. ನಾಲ್ಕು ಮಗ್ಗ ಆಚೆ ನಿಂತವನ ಮನೆಯ ಸುದ್ದಿಯೆಲ್ಲ ತುಟಿಯಿಂದಲೇ ಓದಿಕೊಳ್ಳುತ್ತಿದ್ದರಂತೆ. ಆ ರೂಢಿ ಅಪ್ಪನಿಗೆ ಹೇಗೆ ಅಂಟಿತೆಂದರೆ, ಊಟಕ್ಕೆ ಕೂತಾಗಲೂ ಅವನು ಆಯಿಯ ಕಡೆ ನೋಡಿ ಬಾಯಿ ಆಡಿಸುತ್ತಿದ್ದ, ದನಿಯೇ ಬರುತ್ತಿರಲಿಲ್ಲ.

"ದನಿ ತಗೀಯೋ," ಅನ್ನುತ್ತಿದ್ದಳು ಆಯಿ. "ನೀ ಉಪ್ಪು ಕೇಳಿದ್ಯೋ, ನೀರು ಕೇಳಿದ್ಯೋ, ನಂಗೇನ್ ತಿಳೀಬೇಕು?"

ಆಗ ಅವನು ನಾಚಿಕೊಂಡು ದನಿ ತೆಗೆಯುತ್ತಿದ್ದ. ಅದು ಓಣಿಯ ಕಡೆಯ ಮನೆಯವರೆಗೂ ಕೇಳುತ್ತಿತ್ತು. ಇವೆರಡರ ನಡುವಿನ ಅಳತೆಯೇ ಅವನಿಗೆ ಮರೆತುಹೋಗಿತ್ತು. ನಾನು ಮಾತ್ರ ಅವನ ತುಟಿ ನೋಡುತ್ತಾ ನೋಡುತ್ತಾ ಓದುವುದನ್ನು ಕಲಿತೆ. ಅದು ನಮ್ಮಿಬ್ಬರದೇ ಆಟವಾಯಿತು. ಮಾತಾಡಲು ನಾಚುವ ಹುಡುಗಿಗೆ ಅದಕ್ಕಿಂತ ಒಳ್ಳೆಯ ಭಾಷೆ ಇನ್ನೊಂದು ಸಿಕ್ಕೀತೇ? ತುಂಬಿದ ಮನೆಯಲ್ಲಿ ಕೂತು, ಯಾರಿಗೂ ತಿಳಿಯದ ಹಾಗೆ ಆಯಿಯ ಹಪ್ಪಳದ ಡಬ್ಬಿ ಎಲ್ಲಿದೆ ಎಂದು ನಾವಿಬ್ಬರೂ ಮಾತಾಡಿಕೊಳ್ಳುತ್ತಿದ್ದೆವು.

ಆ ವರ್ಷ ಹಸ್ತ ಮಳೆ ಚೆನ್ನಾಗಿ ಆಯಿತು. ಹಿಂಗಾರಿ ಜೋಳ ಬಿತ್ತಲು ಹೊಲ ಹದಕ್ಕೆ ಬಂದಿತ್ತು. ಅಷ್ಟರಲ್ಲಿ ದೊಡ್ಡಪ್ಪ ಚಕ್ಕಡಿಯಿಂದ ಬಿದ್ದು ಕಾಲು ಮುರಿದುಕೊಂಡ. ಎಲುಬು ಕೂಡಿಸುವವನು ಬಂದು ಬಿದಿರಿನ ದಬ್ಬೆ ಕಟ್ಟಿ, ಮೂರು ತಿಂಗಳು ನೆಲಕ್ಕೆ ಕಾಲು ಊರಬಾರದು ಅಂದ. ಎರೆ ಹೊಲದ ಹಸಿ ಯಾರಿಗಾಗಿಯೂ ಕಾಯುವುದಿಲ್ಲ. ನಾಲ್ಕು ದಿನ ಬಿಸಿಲು ಬಿದ್ದರೆ ಮೇಲಿನ ಮಣ್ಣು ಹೆಪ್ಪುಗಟ್ಟಿ ಬಿರಿಯುತ್ತದೆ. ದೊಡ್ಡಪ್ಪ ನನ್ನನ್ನು ಕರೆದು ಅಪ್ಪನಿಗೆ ಕಾಗದ ಬರೆಸಿದ. ನಾನು ಬರೆದ ಮೊದಲ ಕಾಗದ ಅದು. 'ಹಸಿ ಆರುವುದರೊಳಗೆ ಬಾ' ಎಂದು ಅವನು ಹೇಳಿದ್ದನ್ನು ಬರೆದು, ಕೆಳಗೆ ಅವನು ಹೇಳದೆ ಇದ್ದ ಒಂದು ಮಾತನ್ನೂ ನಾನೇ ಸೇರಿಸಿದೆ: 'ಬಂದವನು ಹೋಗಬೇಡ.'

ಅಪ್ಪ ಎಂಟು ದಿನದ ರಜೆ ಹಾಕಿ ಬಂದ. ಆ ಸಂಜೆ ಊಟಕ್ಕೆ ಕೂತಾಗ ದೊಡ್ಡಪ್ಪ ಮಂಚದ ಮೇಲಿಂದಲೇ ಮಾತು ತೆಗೆದ.

"ಫಕೀರಾ, ನನ್ನ ಕಾಲು ಇನ್ನ ಮೊದಲಿನಂಗ ಆಗೂದು ಕಾಣಂಗಿಲ್ಲ. ಹುಡುಗೂರು ಸಣ್ಣಾವು. ನೀ ಬಿತ್ತು. ಮೊಳಕಿ ಮ್ಯಾಲೆದ್ದ ಮ್ಯಾಲ ನೋಡೂಣು. ನಿನ್ನ ಕೈಯಾಗ ಹೊಲ ಇನ್ನೂ ಐತಿ ಅಂತ ಕಂಡ್ರ, ಮಿಲ್ಲಿಗೆ ರಾಮ್ ರಾಮ್ ಹೇಳಿ ಇಲ್ಲೇ ಇದ್ದುಬಿಡು. ಇಲ್ಲಂದ್ರ ನಾ ಲಾವಣಿಗೆ ಕೊಡ್ತೀನಿ."

ಲಾವಣಿಗೆ ಕೊಡುವುದೆಂದರೆ ಬೇರೆಯವರಿಗೆ ಸಾಗುವಳಿಗೆ ವಹಿಸುವುದು. ಅಪ್ಪ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ ಅಣ್ಣನ ತುಟಿಯನ್ನೇ ನೋಡಿದ, ದನಿಯಿದ್ದರೂ. ಆಮೇಲೆ ನನ್ನ ಕಡೆ ತಿರುಗಿ ತುಟಿಯಲ್ಲಿ ಕೇಳಿದ, ಬಟ್ಟಲಿಗೆ ಬೀಜ ನೀನು ಬಿಡುತ್ತೀಯಾ?

ನಮ್ಮ ಕಡೆ ಕೂರಿಗೆ ಹಿಡಿಯುವುದು ಗಂಡಸರ ಕೆಲಸ, ಬೀಜ ಬಿಡುವುದು ಹೆಣ್ಣುಮಕ್ಕಳದು. ಕೂರಿಗೆಯೆಂದರೆ ಮರದ ಬಿತ್ತುವ ಸಾಧನ. ಮೇಲೊಂದು ಬಟ್ಟಲು, ಅದರಿಂದ ಕೆಳಗೆ ಮೂರು ಬಿದಿರಿನ ಕೊಳವೆ, ತುದಿಗೆ ಮಣ್ಣು ಸೀಳುವ ಮೂರು ಹಲ್ಲು. ಎತ್ತು ಎಳೆಯುತ್ತವೆ, ಗಂಡಾಳು ಹಿಂದಿನಿಂದ ಒತ್ತಿ ಹಿಡಿಯುತ್ತಾನೆ, ಹೆಣ್ಣಾಳು ಪಕ್ಕದಲ್ಲಿ ನಡೆಯುತ್ತಾ ಉಡಿಯ ಬೀಜವನ್ನು ಮುಷ್ಟಿಯಿಂದ ಬಟ್ಟಲಿಗೆ ಬಿಡುತ್ತಾಳೆ. ಮುಷ್ಟಿ ಸಡಿಲವಾದರೆ ಬೀಜ ಒತ್ತಾಗುತ್ತದೆ, ಬಿಗಿಯಾದರೆ ತೆಳುವಾಗುತ್ತದೆ. ಬಿಟ್ಟ ಬೀಜ ಆ ಕ್ಷಣಕ್ಕೇ ಮಣ್ಣಿನೊಳಗೆ ಹೋಗಿಬಿಡುತ್ತದೆ. ಹೇಗೆ ಬಿತ್ತು ಎಂದು ಅವತ್ತು ಯಾರಿಗೂ ಕಾಣದು. ಐದಾರು ದಿನದ ಮೇಲೆ ಇಡೀ ಊರಿಗೇ ಕಾಣುತ್ತದೆ.

ಮಾರನೆಯ ದಿನ ಆಯಿ ಕೂರಿಗೆಗೆ ಅರಿಶಿನ ಕುಂಕುಮ ಹಚ್ಚಿ, ನನ್ನ ಉಡಿಗೆ ಮೊದಲ ಬೊಗಸೆ ಜೋಳ ಹಾಕಿದಳು. ಹಸಿ ಮಣ್ಣಿನ ವಾಸನೆ ಹೇಳಲಿ ಹೇಗೆ ನಿಮಗೆ? ಇಲ್ಲಿ ಮಳೆ ಬಂದರೆ ರಸ್ತೆಯ ವಾಸನೆ ಏಳುತ್ತದೆ. ಎರೆಯ ವಾಸನೆ ತಣ್ಣಗೆ, ಸ್ವಲ್ಪ ಹುಳಿ, ಹೂಳಿಟ್ಟ ಮಡಕೆಯನ್ನು ತೆಗೆದ ಹಾಗೆ. ದೊಡ್ಡಪ್ಪ ಚಕ್ಕಡಿಯಲ್ಲಿ ಬಂದು, ಬದುವಿನ ಬೇವಿನ ಮರದ ಕೆಳಗೆ ಕಾಲು ಚಾಚಿ ಕೂತಿದ್ದ. ಅಪ್ಪ ಕೂರಿಗೆಗೆ ಕೈ ಹಚ್ಚಿ ಹಣೆಗೆ ಒತ್ತಿಕೊಂಡ. ಎತ್ತುಗಳ ಕಡೆ ನೋಡಿದ. ನಡೆಯಿರಿ ಎಂದ.

ಎತ್ತು ನಡೆಯಲಿಲ್ಲ.

ಅಪ್ಪ ಮತ್ತೆ ಅಂದ. ಅವು ಬಾಲ ಬೀಸಿಕೊಂಡು ನಿಂತೇ ಇದ್ದವು. ಒಂದು ಎತ್ತು ಕತ್ತು ತಿರುಗಿಸಿ, ಯಾಕೆ ನಿಂತಿದ್ದೇವೆ ಎಂದು ಕೇಳುವ ಹಾಗೆ ಅಪ್ಪನನ್ನು ನೋಡಿತು. ನನಗೆ ಆಗ ಹೊಳೆಯಿತು. ಅಪ್ಪ ತುಟಿಯಲ್ಲಿ ಹೇಳುತ್ತಿದ್ದ. ದನಿಯೇ ಇರಲಿಲ್ಲ.

ಬದುವಿನ ಮೇಲೆ ದೊಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ಫಕೀರಾ, ಅವು ಮಿಲ್ಲಿನ ಎತ್ತಲ್ಲೋ. ಅವಕ್ಕ ತುಟಿ ಓದಾಕ ನಿಮ್ಮ ಸಾಹೇಬ ಕಲ್ಸಿಲ್ಲ."

ಆಚೀಚೆ ಹೊಲದವರೂ ನಕ್ಕರು. ಅಪ್ಪನೂ ನಕ್ಕ, ಆದರೆ ಕಿವಿ ಕೆಂಪಗಾಗಿತ್ತು. ಆಮೇಲೆ ಗಂಟಲು ಸರಿಮಾಡಿಕೊಂಡು ಒಂದು ಕೂಗು ಹಾಕಿದ ನೋಡಿ, ಬೇವಿನ ಮರದ ಹಕ್ಕಿಗಳೆಲ್ಲ ಎದ್ದವು. ಎತ್ತು ಬೆದರಿ ಹೆಜ್ಜೆ ಕಿತ್ತವು. ಅರ್ಧ ಹೊತ್ತಾಗುವುದರೊಳಗೆ ಅವನ ದನಿಗೆ ಅಳತೆ ಬಂತು. ಹೆಗಲು ಇಳಿಯಿತು. ಸಾಲು ನೂಲು ಹಿಡಿದ ಹಾಗೆ ನೆಟ್ಟಗೆ ಹೋಯಿತು. ಮಧ್ಯಾಹ್ನ ಮರದ ಕೆಳಗೆ ಬುತ್ತಿ ಬಿಚ್ಚಿ ಕೂತಾಗ ದೊಡ್ಡಪ್ಪ ಯಾರೂ ಕೇಳದೆಯೇ ತನ್ನ ಪಾಲಿನ ಶೇಂಗಾ ಚಟ್ನಿಯನ್ನು ಅಪ್ಪನ ರೊಟ್ಟಿಯ ಮೇಲೆ ಸುರಿದ. ಅದಕ್ಕೆ ಅರ್ಥವಿತ್ತು. ನನಗೂ ತಿಳಿಯಿತು. ಅಪ್ಪ ಇಲ್ಲೇ ಇರುತ್ತಾನೆ ಎಂದು ನನ್ನ ಎದೆ ಹಗುರವಾಗಿ ಹಾರತೊಡಗಿತು.

ಆ ಹಾರಾಟವೇ ಕೆಡಿಸಿತು. ಬಿತ್ತನೆಯ ಎರಡನೆಯ ದಿನ ಸಂಜೆ ಹತ್ತಿರವಾಗಿತ್ತು. ಹೊಲದ ನಡುಭಾಗದಲ್ಲಿದ್ದೆವು. ಬಿಸಿಲು ಹಳದಿಯಾಗಿ ಅಡ್ಡಡ್ಡ ಬಿದ್ದು, ಎತ್ತಿನ ನೆರಳು, ನಮ್ಮ ನೆರಳು ಉದ್ದಕ್ಕೆ ಹೋಗಿ ಪಕ್ಕದ ಹೊಲ ಮುಟ್ಟಿದ್ದವು. ನಾನು ಆ ನೆರಳಿನಲ್ಲಿ ಮುಂದಿನ ವರ್ಷ ನೋಡುತ್ತಿದ್ದೆ, ಅದರ ಮುಂದಿನ ವರ್ಷವನ್ನೂ. ಅಪ್ಪ ದಿನಾ ಸಂಜೆ ಮನೆಗೆ ಬರುತ್ತಾನೆ, ಅವನ ಹುಬ್ಬಿನಲ್ಲಿ ಹತ್ತಿ ಇರುವುದಿಲ್ಲ, ಶಾಲೆಯಲ್ಲಿ ನಿಮ್ಮಪ್ಪ ಎಲ್ಲಿ ಎಂದು ಕೇಳಿದರೆ ಹೊಲದಲ್ಲಿ ಎಂದು ಹೇಳುತ್ತೇನೆ. ಹೀಗೇ ನಡೆಯುತ್ತಾ ನಡೆಯುತ್ತಾ ಕೈ ಬಟ್ಟಲಿನ ಮೇಲೆ ಆಡುತ್ತಲೇ ಇತ್ತು. ಒಮ್ಮೆ ಕಣ್ಣು ಇಳಿಸಿ ನೋಡಿದೆ. ಮುಷ್ಟಿಯಲ್ಲಿ ಏನೂ ಇರಲಿಲ್ಲ. ಉಡಿಯಲ್ಲೂ ಇರಲಿಲ್ಲ.

ಎಷ್ಟು ಹೆಜ್ಜೆಯಿಂದ ಬರಿಗೈ ಆಡಿಸುತ್ತಿದ್ದೆನೋ ಗೊತ್ತಿಲ್ಲ. ನಿಲ್ಲಿಸು ಎಂದು ಹೇಳಬೇಕಿತ್ತು. ಬದುವಿನಲ್ಲಿ ದೊಡ್ಡಪ್ಪ ನೋಡುತ್ತಿದ್ದ. ನಾನು ನಿಲ್ಲಿಸಿದರೆ ಅವನಿಗೆ ಕಾಣುತ್ತದೆ. ಬರಿಗೈ ಆಡಿಸುತ್ತಲೇ ನಡೆದೆ. ಕೊನೆಗೆ ಸಾಲಿನ ನಡುವೆ ಬೀಜಕ್ಕಾಗಿ ನಿಲ್ಲುವ ಜಾಗ ಬಂತು, ಎತ್ತು ನಿಂತವು. ಅಲ್ಲಿಟ್ಟಿದ್ದ ಚೀಲದಿಂದ ಉಡಿ ತುಂಬಿಕೊಂಡು ಏನೂ ಆಗದವಳ ಹಾಗೆ ಬಂದು ಪಕ್ಕದಲ್ಲಿ ನಿಂತೆ. ಅಪ್ಪ ನನ್ನ ಮುಖ ನೋಡಿದ. ಎತ್ತಿಗೆ ಕೂಗು ಹಾಕಿದ. ಮುಂದೆ ಹೋದೆವು.

ಆಮೇಲಿನ ನಾಲ್ಕೈದು ದಿನ ನೆನೆದರೆ ಈಗಲೂ ಕನಸಿನಲ್ಲಿ ನಡೆದ ಹಾಗೆ ಅನಿಸುತ್ತದೆ. ಅಪ್ಪ ಮನೆಯ ಮಾಳಿಗೆಗೆ ಮಣ್ಣು ಮೆತ್ತಿದ. ಬಾವಿಯ ಹಗ್ಗ ಹರಿದಲ್ಲಿ ಮಗ್ಗದ ಗಂಟು ಹಾಕಿದ. ಆಯಿ ಪುಂಡಿಪಲ್ಯ ಮಾಡಿದಳು, ಕಟಕ ರೊಟ್ಟಿ ಬಡಿದಳು, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಅದು ಕರಗಿ ಹರಿಯುವುದನ್ನು ನೋಡುತ್ತಾ ಕೂತಳು. ಎಂಟನೆಯ ದಿನಕ್ಕೆ ಅಪ್ಪನ ಉಗುರು ಪೂರ್ತಿ ಕಪ್ಪಾಗಿತ್ತು. ಮೈಯಿಂದ ಎಣ್ಣೆಯ ವಾಸನೆ ಹೋಗಿ ಎತ್ತಿನ ವಾಸನೆ ಬಂದಿತ್ತು. ನಾನು ದಿನಾ ಬೆಳಿಗ್ಗೆ ಎದ್ದು ದೇವರ ಮುಂದೆ ನಿಂತು, ಆ ಒಂದು ಜಾಗದಲ್ಲಿ ಹಿಂದಿನ ವರ್ಷ ಉದುರಿದ ಕಾಳಾದರೂ ಮೊಳೆಯಲಿ ಎಂದು ಕೇಳಿಕೊಳ್ಳುತ್ತಿದ್ದೆ.

ಎಂಟನೆಯ ದಿನ ಬೆಳಿಗ್ಗೆ ದೊಡ್ಡಪ್ಪನ ಚಕ್ಕಡಿ ಹೊಲಕ್ಕೆ ಹೋಯಿತು. ನಾನೂ ಅಪ್ಪನೂ ಹಿಂದೆ ನಡೆದೆವು. ಕಪ್ಪು ನೆಲದ ಮೇಲೆ ಹಸಿರು ಸಾಲುಗಳು ಎದ್ದಿದ್ದವು, ಸ್ಲೇಟಿನ ಮೇಲೆ ಗೀಟು ಎಳೆದ ಹಾಗೆ. ದೊಡ್ಡಪ್ಪ ಒಂದೊಂದೇ ಸಾಲು ನೋಡುತ್ತಾ ಹೋದ. ಅವನ ಮುಖ ಅರಳುತ್ತಾ ಇತ್ತು. ಹೊಲದ ನಡುವಿಗೆ ಬಂದಾಗ ಚಕ್ಕಡಿ ನಿಲ್ಲಿಸಿದ.

ಮೂರೂ ಸಾಲು ಒಮ್ಮೆಲೇ ನಿಂತುಹೋಗಿದ್ದವು. ಇಪ್ಪತ್ತು ಹೆಜ್ಜೆಯಷ್ಟು ಕರಿ ಮಣ್ಣು. ಆಮೇಲೆ ಮತ್ತೆ ಹಸಿರು. ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು.

"ಇದೇನಿದು?" ಎಂದ ದೊಡ್ಡಪ್ಪ. ನನ್ನ ಕಡೆ ನೋಡಿದ. "ಬಟ್ಟಲ ಖಾಲಿ ಆಗಿತ್ತೇನ ಗಂಗಿ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಮುಂದೆ ಬಂದು ನಿಂತ.

"ಕೂಸಿಂದೇನಿಲ್ಲಣ್ಣಾ. ನಾ ಅಲ್ಲಿ ಕೂರಿಗಿ ಒತ್ತಲಿಲ್ಲ. ಕೈ ಸೋತಿತ್ತು. ಬೀಜ ಮ್ಯಾಲ ಉಳೀತು, ಹಕ್ಕಿ ತಿಂದ್ವು."

ಕೂರಿಗೆ ಒತ್ತಿ ಹಿಡಿಯದಿದ್ದರೆ ಬೀಜ ಮಣ್ಣಿನೊಳಗೆ ಇಳಿಯದೆ ಮೇಲೆ ಬೀಳುವುದು ನಿಜ. ಆದರೆ ಅದು ಕೈ ಕಳೆದುಕೊಂಡವನು ಮಾಡುವ ತಪ್ಪು. ರೈತ ಮಾಡುವ ತಪ್ಪಲ್ಲ. ತನ್ನ ಬಾಯಿಂದ ತಾನೇ ಅದನ್ನು ಹೇಳಿಕೊಂಡಿದ್ದ ಅಪ್ಪ. ನಾನು ಅವನ ಎದುರಿಗೆ ಹೋಗಿ, ದೊಡ್ಡಪ್ಪನಿಗೆ ಬೆನ್ನು ಮಾಡಿ, ದನಿಯಿಲ್ಲದೆ ಹೇಳಿದೆ: ನಾನು. ಅದು ನಾನು.

ಅಪ್ಪ ನನ್ನ ತುಟಿ ಓದಿದ. ಅವನ ತುಟಿಯೂ ಆಡಿತು. ನಂಗ ಅವತ್ತೇ ಗೊತ್ತೈತಿ. ಸುಮ್ನಿರು.

ಮೂವರು ನಿಂತಿದ್ದ ಆ ಹೊಲದಲ್ಲಿ ಈ ಮಾತು ದೊಡ್ಡಪ್ಪನಿಗೆ ಕೇಳಲೇ ಇಲ್ಲ. ಅವನು ಬಹಳ ಹೊತ್ತು ಆ ಕರಿ ತೇಪೆಯನ್ನು ನೋಡಿದ. ಸಿಟ್ಟಿನಿಂದಲ್ಲ, ಮೆಲ್ಲಗೆ, ಕಾಯಿಲೆಯವರ ಹತ್ತಿರ ಮಾತಾಡುವ ಹಾಗೆ ಹೇಳಿದ. "ಮಿಲ್ಲು ನಿನ್ನ ರಟ್ಟೀನ ಇಟ್ಕೊಂಡೈತೋ ತಮ್ಮಾ. ನೀ ಅಲ್ಲೇ ಇರು."

ಅಪ್ಪ ಹೂಂ ಅಂದ.

ಮಾರನೆಯ ದಿನ ಅಪ್ಪ ಬಸ್ಸಿಗೆ ಹೋಗುವ ಮೊದಲು ನನ್ನನ್ನು ಕರೆದುಕೊಂಡು ಹೊಲಕ್ಕೆ ಹೋದ. ಇಬ್ಬನಿ ಆರಿರಲಿಲ್ಲ. ಆಯಿಯ ಬೀಜದ ಗಡಿಗೆಯಿಂದ ಒಂದು ಮುಷ್ಟಿ ಬಿಳಿ ಕಾಳು ತಂದಿದ್ದ. ಕುಸುಬಿ ಕಾಳು, ಎಣ್ಣೆ ತೆಗೆಯುತ್ತಾರಲ್ಲ ಅದು. ಆ ಖಾಲಿ ಜಾಗದಲ್ಲಿ ಕುಕ್ಕರಗಾಲಿನಲ್ಲಿ ಕೂತು, ತೋರುಬೆರಳಿನಿಂದ ಮಣ್ಣಿನಲ್ಲಿ ಕುಳಿ ಮಾಡಿದ. ನಾನು ಕಾಳು ಹಾಕಿದೆ. ಅವನು ಮುಚ್ಚಿದ. ಇಪ್ಪತ್ತು ಹೆಜ್ಜೆ, ಮೂರು ಸಾಲು. ಮುಗಿದ ಮೇಲೆ ನನ್ನ ಹೆರಳಿನ ತುದಿಯ ನೂಲು ಬಿಚ್ಚಿ ಮತ್ತೊಮ್ಮೆ ಗಂಟು ಹಾಕಿದ. ಬಸ್ಸು ಬರುವ ದಾರಿಯಲ್ಲಿ ಅವನು ಚುಕ್ಕಿಯಾಗುವ ತನಕ ನಾನು ಮಾಳಿಗೆಯ ಮೇಲೆ ನಿಂತಿದ್ದೆ.

ಸಂಕ್ರಾಂತಿಯ ಹೊತ್ತಿಗೆ ಜೋಳ ಎದೆಯೆತ್ತರ ಬಂದಿತ್ತು. ಬಿಳಿ ತೆನೆಗಳ ಆ ಸಮುದ್ರದ ನಡುವೆ ಕುಸುಬಿ ಹೂ ಬಿಟ್ಟಿತು. ಮೊದಲು ಹಳದಿ, ಆಮೇಲೆ ಕಿತ್ತಳೆ, ಒಣಗುವಾಗ ಕೆಂಪು. ನಮ್ಮ ಮಾಳಿಗೆಯ ಮೇಲಿಂದ ನೋಡಿದರೆ ಯಾರೋ ಹೊಲದಲ್ಲಿ ಒಂದು ಬಣ್ಣದ ಸೀರೆ ಒಣಹಾಕಿದ ಹಾಗಿತ್ತು. ಊರಿಗೆಲ್ಲ ಅದು ಚಂದ. ನನಗೆ ಮಾತ್ರ ಅದು ನನ್ನ ತಪ್ಪು, ಹೂ ಬಿಟ್ಟು ನಿಂತ ತಪ್ಪು. ನಾನು ದಿನಾ ಹೋಗಿ ಮುಳ್ಳು ಚುಚ್ಚಿಸಿಕೊಂಡು ಎಸಳು ಬಿಡಿಸಿ ತರುತ್ತಿದ್ದೆ. ಒಂದು ದಿನ ದೊಡ್ಡಪ್ಪ ಕೋಲು ಊರಿಕೊಂಡು ಅಲ್ಲಿಗೆ ಬಂದ. ಮೂರು ಸಾಲು, ಗೇಣು ಗೇಣಿಗೆ ಒಂದು ಗಿಡ, ಒಂದೂ ತಪ್ಪಿರಲಿಲ್ಲ. ಕೋಲಿನಿಂದ ಅಂತರ ಅಳೆದು ನೋಡಿದ.

"ಇದನ್ನ ಊರಿದ ಕೈ ರೈತಂದು," ಅಂದ ತನ್ನಷ್ಟಕ್ಕೆ. ಆದರೆ ಅಷ್ಟೊತ್ತಿಗೆ ಅವನು ಹೊಲವನ್ನು ಲಾವಣಿಗೆ ಕೊಡುವುದಾಗಿ ಇನ್ನೊಬ್ಬರಿಗೆ ಮಾತು ಕೊಟ್ಟಾಗಿತ್ತು.

ಅಪ್ಪ ಮಿಲ್ಲಿನಲ್ಲೇ ಉಳಿದ. ಪಾಳಿಯ ಸೈರನ್, ಅದೇ ಭೋಂಗಾ, ಕೂಗಿದಾಗ ಒಳಗೆ ಹೋಗಿ, ಭೋಂಗಾ ಕೂಗಿದಾಗ ಹೊರಗೆ ಬರುತ್ತಾ ಇಪ್ಪತ್ತೇಳು ವರ್ಷ ಪೂರೈಸಿದ. ಕಡೆಕಡೆಗೆ ಆ ಭೋಂಗಾದ ಕೂಗೂ ಅವನಿಗೆ ಕೇಳುತ್ತಿರಲಿಲ್ಲವಂತೆ, ಪಕ್ಕದವರು ಎದ್ದರೆ ತಾನೂ ಏಳುತ್ತಿದ್ದ. ಮಿಲ್ಲು ಮುಚ್ಚಿದ ಮೇಲೆ ಊರಿಗೆ ಬಂದು ದೊಡ್ಡಪ್ಪನ ಮಕ್ಕಳ ಜೊತೆ ಇದ್ದ. ಆ ಹೊತ್ತಿಗೆ ಅವರು ಹೊಲವನ್ನು ಲಾವಣಿಯಿಂದ ಬಿಡಿಸಿಕೊಂಡಿದ್ದರು. ಕೂರಿಗೆ ಹೋಗಿ ಟ್ರ್ಯಾಕ್ಟರ್ ಬರುವ ತನಕ ಅಪ್ಪನೇ ಬಿತ್ತಿದ. ಐವತ್ತೆಂಟರ ಮುದುಕ ಹಿಡಿದ ಸಾಲು ನೋಡಲು ಪಕ್ಕದ ಊರಿನವರು ಬರುತ್ತಿದ್ದರು ಎಂದು ಕೇಳಿದ್ದೇನೆ. ಅಷ್ಟೊತ್ತಿಗೆ ನನಗೆ ಮದುವೆಯಾಗಿ ನಾನು ಬೇರೆ ಊರಿನವಳಾಗಿದ್ದೆ. ನಿಮ್ಮ ಅಜ್ಜ ಒಳ್ಳೆಯ ಮನುಷ್ಯ. ಅವರಿಗೂ ನಾನು ಈ ಕಥೆ ಹೇಳಲಿಲ್ಲ.

ಅವರು ತೀರಿಕೊಂಡ ಮೇಲೆ ನಿಮ್ಮ ಅಮ್ಮ ನನ್ನನ್ನು ಇಲ್ಲಿಗೆ ಕರೆದುಕೊಂಡು ಬಂದಳು. ಅಪ್ಪನಿಗೆ ಆಗ ಎಂಬತ್ತು ದಾಟಿತ್ತು, ಕಿವಿ ಪೂರ್ತಿ ಮುಚ್ಚಿಹೋಗಿತ್ತು. ಅಷ್ಟು ದೂರ ಹೋದರೆ ಅವನ ಜೊತೆ ಮಾತು ನಿಂತೇಹೋಯಿತು ಎಂದು ಅಳುತ್ತಾ ವಿಮಾನ ಹತ್ತಿದ್ದೆ. ಮೊದಲ ಸಲ ನಿಮ್ಮ ಅಮ್ಮ ಫೋನಿನಲ್ಲಿ ಅವನ ಮುಖ ತೋರಿಸಿದಾಗ ಏನಾಯಿತು ಗೊತ್ತೇ? ಊರಿನಲ್ಲಿ ಎಲ್ಲರೂ ಅವನ ಕಿವಿಯಲ್ಲಿ ಕೂಗಿ ಕೂಗಿ ಸುಸ್ತಾಗಿದ್ದರು. ನಾನು ಕೂಗಲಿಲ್ಲ. ದನಿಯೇ ಇಲ್ಲದೆ, ಉಂಡಿಯೇನಪ್ಪಾ ಅಂದೆ. ಸಮುದ್ರದ ಆಚೆಯಿಂದ ಅಪ್ಪ ಓದಿಕೊಂಡ. ಹೂಂ, ರೊಟ್ಟಿ, ಬದನೀಕಾಯಿ ಎಂದು ತುಟಿ ಆಡಿಸಿದ. ಆಮೇಲೆ ಪ್ರತಿ ಶುಕ್ರವಾರ ಹೀಗೇ. ರಾತ್ರಿ ಡ್ಯೂಟಿ ಮಾಡಿ ಬಂದ ನಿಮ್ಮ ಅಮ್ಮ ಪಕ್ಕದಲ್ಲೇ ಮಲಗಿರುತ್ತಿದ್ದಳು. ಅವಳಿಗೆ ಎಚ್ಚರವೂ ಆಗುತ್ತಿರಲಿಲ್ಲ.

ಅವನು ಹೋಗುವುದಕ್ಕೆ ಸ್ವಲ್ಪ ಮೊದಲು, ಅಂಥದೇ ಒಂದು ಶುಕ್ರವಾರ, ಅರವತ್ತು ವರ್ಷದಿಂದ ಗಂಟಲಲ್ಲಿದ್ದದ್ದನ್ನು ಕೇಳಿಬಿಟ್ಟೆ. ಅಪ್ಪಾ, ಅವತ್ತು ತಪ್ಪಿದ್ದು ನಾ. ನೀ ಯಾಕ ನಿನ್ನ ಮ್ಯಾಲ ಹಾಕ್ಕೊಂಡಿ? ನಾ ನಿನ್ನ ಹೊಲಾ ಕಳದೆ.

ಅಪ್ಪ ಫೋನನ್ನು ಹತ್ತಿರ ಹಿಡಿದುಕೊಂಡ. ಪರದೆಯ ತುಂಬ ಅವನ ಬಾಯಿ, ಬಿಳಿ ಮೀಸೆ. ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ.

ಕುಸುಬಿ ಚಲೋ ಬಂದಿತ್ತಲ್ಲಬೇ ಆ ವರ್ಷ.

ಅಷ್ಟೇ. ಮಕ್ಕಳನ್ನು ಕರಿ ಅಂದ. ನೀವು ಓಡಿ ಬಂದಿರಿ, ಇಬ್ಬರೂ ಒಟ್ಟಿಗೆ ಏನೇನೋ ಹೇಳಿದಿರಿ, ಇಂಗ್ಲಿಷಿನಲ್ಲಿ. ಅಪ್ಪ ಕಣ್ಣು ಸಣ್ಣ ಮಾಡಿ ನಿಮ್ಮ ತುಟಿಗಳನ್ನು ನೋಡಿದ. ಒಮ್ಮೆ ಸಹನಾಳದು, ಒಮ್ಮೆ ಓಂಕಾರನದು. ಆಮೇಲೆ ನನ್ನ ಕಡೆ ತಿರುಗಿ ನಕ್ಕು, ಆ ಮಗ್ಗ ಬ್ಯಾರೆ, ನಂಗ ತಿಳ್ಯಂಗಿಲ್ಲ ಅಂದ. ಅದೇ ನೀವು ಅವನನ್ನು ನೋಡಿದ ಕಡೆಯ ಸಲ.

ಈಗ ಆ ಮಿಲ್ಲಿನ ಜಾಗದಲ್ಲಿ ಮನೆಗಳು ಎದ್ದಿವೆಯಂತೆ. ಊರಿನಲ್ಲಿ ಟ್ರ್ಯಾಕ್ಟರಿನ ಹಿಂದೆ ತಗಡಿನ ಡಬ್ಬಿಯಿಂದ ಬೀಜ ತಾನೇ ಬೀಳುತ್ತದೆ. ಯಾವ ಹುಡುಗಿಯೂ ಉಡಿಯಲ್ಲಿ ಜೋಳ ಹೊತ್ತು ನಡೆಯುವುದಿಲ್ಲ. ಖಾಲಿ ಜಾಗ ಬೀಳುವುದಿಲ್ಲ, ಅಲ್ಲಿ ಕುಸುಬಿಯೂ ಇಲ್ಲ. ನನ್ನ ಹೆರಳು ಬೆಳ್ಳಗಾಗಿ ಬೆರಳಿನಷ್ಟು ಸಣ್ಣದಾಗಿದೆ. ಅದರ ತುದಿಗೆ ಆ ಗಂಟು ಹಾಕಲು ನನಗೆ ಬರುವುದಿಲ್ಲ. ಕಲಿಯಬೇಕೆಂದು ತೋಚಲೇ ಇಲ್ಲ. ಅವನ ಕೈ ಯಾವಾಗಲೂ ಇರುತ್ತದೆ ಅಂದುಕೊಂಡಿದ್ದೆ. ದನಿ ತೆಗೆಯದೆ ಮಾತಾಡಿದರೆ ನನ್ನ ತುಟಿ ಓದುವವರು ಈ ಭೂಮಿಯ ಮೇಲೆ ಈಗ ಯಾರೂ ಇಲ್ಲ.

ದಿನಾ ಬೆಳಿಗ್ಗೆ ನಾನು ನಿಮ್ಮನ್ನು ಕೆಳಗೆ ಬಸ್ಸಿಗೆ ಹತ್ತಿಸುತ್ತೇನೆ. ಎ.ಸಿ. ಬಸ್ಸು, ಕಿಟಕಿ ಮುಚ್ಚಿರುತ್ತದೆ. ಬಸ್ಸು ಹೊರಡುವಾಗ ನೀವಿಬ್ಬರೂ ಗಾಜಿಗೆ ಮೂಗು ಒತ್ತಿ ನನಗೆ ಏನೋ ಹೇಳುತ್ತೀರಿ. ನಾನು ಕೈ ಬೀಸಿ ತಲೆಯಾಡಿಸುತ್ತೇನೆ. ನಿಜ ಹೇಳುತ್ತೇನೆ ಮಕ್ಕಳೇ, ನೀವು ಏನು ಹೇಳುತ್ತೀರೆಂದು ನನಗೆ ಇವತ್ತಿನ ತನಕ ಒಂದು ದಿನವೂ ತಿಳಿದಿಲ್ಲ. ಅವತ್ತು ಬರಿಗೈ ಆಡಿಸುತ್ತಾ ಬಟ್ಟಲಿನ ಪಕ್ಕ ನಡೆದೆನಲ್ಲ, ಹಾಗೆಯೇ ಸುಮ್ಮನೆ ತಲೆಯಾಡಿಸುತ್ತಾ ಬಂದಿದ್ದೇನೆ. ಕೇಳಲು ನಾಚಿಕೆ.

ಇನ್ನು ಸುಮ್ಮನಿರುವುದಿಲ್ಲ. ನಾಳೆ ಬೆಳಿಗ್ಗೆ ಕನ್ನಡದಲ್ಲಿ ಹೇಳಿ, ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ. ನಾನು ಕನ್ನಡಕ ಒರೆಸಿಕೊಂಡು ಗಾಜಿನ ಹತ್ತಿರವೇ ನಿಂತಿರುತ್ತೇನೆ.